ಗಾಡಿ ಎಳೆಯಬೇಡಿ, ಸೆಲ್ಫ್ ಬಿಚ್ಚಿ ಚೀಲಕ್ಕೆ ಹಾಕಿ

ಸೆಲ್ಫ್ ಹೋದ ಕಾರಿಗೆ ಹಗ್ಗ ಕಟ್ಟಿ, ಮುಂದೆ ಒಂದು ಟ್ರ್ಯಾಕ್ಟರ್ ಹೂಡಿ, ಪ್ಯಾಟಿಗೆ ಎಳೆದುಕೊಂಡು ಹೋಗುವ ಪದ್ಧತಿ ನಮ್ಮ ಊರುಗಳಲ್ಲಿ ನಿಲ್ಲಬೇಕು. ಫೋನಿನಲ್ಲಿ ಓದುವವರಿಗೆ ಟೈಮ್ ಕಮ್ಮಿ ಅಂತ ಮೊದಲೇ ಹೇಳಿಬಿಡುತ್ತಿದ್ದೇವೆ. ಕೆಟ್ಟಿರುವುದು ಕೆಲವು ಕೆಜಿ ತೂಕದ ಒಂದು ಮೋಟರು. ಅದನ್ನು ಹಿಡಿದಿರುವುದು ಎರಡೋ ಮೂರೋ ಬೋಲ್ಟು. ಅಷ್ಟಕ್ಕೆ ಇಡೀ ಗಾಡಿಯನ್ನು ಯಾಕೆ ಮೆರವಣಿಗೆ ಮಾಡಬೇಕು?

ನೀಲಗುಂದ ಇರಲಿ, ಬಾಗಳಿ ಇರಲಿ, ಚಿಗಟೇರಿ, ಉಚ್ಚಂಗಿದುರ್ಗ ಇರಲಿ, ಹರಪನಹಳ್ಳಿ ತಾಲ್ಲೂಕಿನ ಯಾವ ಊರಿಗೆ ಹೋದರೂ ಕಥೆ ಒಂದೇ. ಬೆಳಗ್ಗೆ ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಮುಂದೆ ಏನಿಲ್ಲ. "ಸೆಲ್ಫ್ ಎತ್ತವಲ್ದು." ನಾಲ್ಕು ಹುಡುಗರು ಸೇರಿ ನೂಕುತ್ತಾರೆ. ನಾಲ್ಕು ದಿನ ನೂಕಿದ ಮೇಲೆ ಬೇಜಾರಾಗಿ ದೊಡ್ಡ ಊರಿನ ಗ್ಯಾರೇಜಿಗೆ ಒಯ್ಯುತ್ತಾರೆ. ಅಲ್ಲಿ ಬಾನೆಟ್ ಎತ್ತಿ, ಎರಡು ನಿಮಿಷ ನೋಡಿ, ಒಂದು ಮಾತು ಹೇಳುತ್ತಾರೆ: "ಅಸೆಂಬ್ಲಿ ಚೇಂಜ್."

ಈ 'ಅಸೆಂಬ್ಲಿ ಚೇಂಜ್' ಅನ್ನುವ ಮಾತಿನ ಮೇಲೇ ನಮ್ಮ ಜಗಳ.

ಅಸೆಂಬ್ಲಿ ಅಂದರೆ ಇಡೀ ಸೆಲ್ಫ್ ಮೋಟರು. ಒಳಗೆ ಸವೆದಿರುವುದು ಬೆರಳುದ್ದದ ಕಾರ್ಬನ್ ಇರಬಹುದು, ಬುಷ್ ಇರಬಹುದು, ಸೋಲನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಇರಬಹುದು. ಎತ್ತಿನ ಕಾಲಿನ ಲಾಳ ಸವೆದರೆ ಎತ್ತನ್ನೇ ಬದಲಿಸು ಅಂದ ಹಾಗಾಯಿತು ಇದು. ನಮ್ಮ ಅಜ್ಜಂದಿರ ಮುಂದೆ ಯಾರಾದರೂ ಹೀಗೆ ಅಂದಿದ್ದರೆ ಕಟ್ಟೆಯಿಂದ ಎಬ್ಬಿಸಿ ಕಳಿಸುತ್ತಿದ್ದರು. ನಾವು ಬಿಲ್ ಕಟ್ಟಿ, ಥ್ಯಾಂಕ್ಸ್ ಹೇಳಿ ಬರುತ್ತಿದ್ದೇವೆ.

ಸೆಲ್ಫ್ ಅಂದರೆ ಇಷ್ಟೇ

ಹಳೇ ಜೀಪು, ಅಂಬಾಸಿಡರ್ ಕಂಡ ಹಿರಿಯರಿಗೆ ಮುಂದೆ ನಿಂತು ಹ್ಯಾಂಡಲ್ ಹೊಡೆಯುತ್ತಿದ್ದುದು ನೆನಪಿರುತ್ತದೆ. ಇಂಜಿನ್ ತಾನಾಗಿ ಶುರುವಾಗಲ್ಲ, ಯಾರಾದರೂ ಅದನ್ನು ಮೊದಲು ತಿರುಗಿಸಬೇಕು. ಹ್ಯಾಂಡಲ್ ತಿರುಗಿ ಹೊಡೆದು ಕೈ ಮುರಿದುಕೊಂಡವರು ಪ್ರಪಂಚದಲ್ಲೆಲ್ಲ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟೆರಿಂಗ್ ಎಂಬ ಇಂಜಿನಿಯರ್ ಮಾಡಿದ ಕರೆಂಟಿನ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಂದಿನಿಂದ ಇಂದಿನವರೆಗೆ ಅದರ ಮೂಲ ಕೆಲಸ ಬದಲಾಗಿಲ್ಲ.

ಕೀ ತಿರುಗಿಸಿದಾಗ ತೆಳು ವೈರಿನಲ್ಲಿ ಸ್ವಲ್ಪ ಕರೆಂಟು ಸೋಲನಾಯ್ಡಿಗೆ ಹೋಗುತ್ತದೆ. ಸೋಲನಾಯ್ಡ್ ಎರಡು ಕೆಲಸ ಮಾಡುತ್ತದೆ. ಒಂದು, ಬೆಂಡಿಕ್ಸ್ ಅನ್ನುವ ಸಣ್ಣ ಹಲ್ಲಿನ ಚಕ್ರವನ್ನು ಮುಂದಕ್ಕೆ ನೂಕಿ ಇಂಜಿನ್ನಿನ ಫ್ಲೈವೀಲ್ ಹಲ್ಲಿಗೆ ಕೂರಿಸುತ್ತದೆ. ಎರಡು, ಬ್ಯಾಟರಿಯ ದಪ್ಪ ಕೇಬಲ್ಲಿನ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಆ ಕರೆಂಟು ಕಾರ್ಬನ್ ಮೂಲಕ ಆರ್ಮೇಚರಿಗೆ ಹೋಗಿ ಮೋಟರ್ ತಿರುಗುತ್ತದೆ, ಇಂಜಿನ್ ಎದ್ದು ಕೂರುತ್ತದೆ. ಹೊಲದ ಮೋಟರಿನ ಸ್ಟಾರ್ಟರ್ ಡಬ್ಬ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜುವ ರೈತನಿಗೆ ಇದು ತಿಳಿಯದ ವಿದ್ಯೆಯೇನಲ್ಲ.

ಮೊದಲು ರೋಗ ಯಾವುದು ನೋಡಿ

ಸೆಲ್ಫ್ ಹೊಡೆಯದಿದ್ದರೆ ಸೆಲ್ಫೇ ಹೋಗಿದೆ ಅಂತ ಅರ್ಥವಲ್ಲ. ಬಹಳ ಸಲ ತಪ್ಪು ಬ್ಯಾಟರಿಯದು, ಇಲ್ಲವೇ ಅದರ ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿಯದು. ಸದ್ದು ಕೇಳಿಸಿಕೊಂಡರೆ ಅರ್ಧ ವಿಷಯ ಗೊತ್ತಾಗುತ್ತದೆ.

'ಟಕಟಕಟಕ' ಅಂತ ಒಂದೇ ಸಮ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಸಲ 'ಟಕ್' ಅಂದು ಸುಮ್ಮನಾದರೆ, ಹೆಡ್‌ಲೈಟು ಮಾತ್ರ ಮಂಕಾಗದೆ ಉರಿಯುತ್ತಿದ್ದರೆ, ಸೋಲನಾಯ್ಡ್ ಕಾಂಟ್ಯಾಕ್ಟ್ ಅಥವಾ ಕಾರ್ಬನ್ ಮೇಲೆ ಅನುಮಾನ. 'ಗುಂಯ್' ಅಂತ ಮೋಟರ್ ತಿರುಗಿದರೂ ಇಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್. 'ಕರ್ರ್' ಅಂತ ಹಲ್ಲು ಕಡಿದರೆ ಬೆಂಡಿಕ್ಸ್ ಹಲ್ಲೋ ಫ್ಲೈವೀಲ್ ಹಲ್ಲೋ ಸವೆದಿದೆ.

ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇರುತ್ತದೆ, ಕೇಳಿ ತನ್ನಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12ಕ್ಕೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಮುಂದಿನ ಮಾತು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗೆ ಬಿದ್ದರೂ ಮೊದಲ ಅನುಮಾನ ಬ್ಯಾಟರಿಯ ಮೇಲೇ. ಟರ್ಮಿನಲ್ಲಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಬಿಗಿ ಮಾಡಿ. ಬ್ಯಾಟರಿಯಿಂದ ಬಾಡಿಗೆ, ಇಂಜಿನ್ನಿಗೆ ಬರುವ ಅರ್ಥ್ ವೈರನ್ನೂ ಬಿಡಬೇಡಿ. ಅಲ್ಲಿ ತುಕ್ಕು ಹಿಡಿದಿದ್ದರೆ ಹೊಸ ಸೆಲ್ಫ್ ತಂದು ಕೂರಿಸಿದರೂ ಗಾಡಿ ಏಳುವುದಿಲ್ಲ.

ಈ ಅರ್ಧ ಗಂಟೆಯ ಕೆಲಸ ಮಾಡದೆ 'ಅಸೆಂಬ್ಲಿ ಚೇಂಜ್' ಅನ್ನುವವರನ್ನು ನಾವು ಮೆಕ್ಯಾನಿಕ್ ಅಂತ ಒಪ್ಪುವುದಿಲ್ಲ. ಅವರು ಮಾರಾಟಗಾರರು.

ಬಿಚ್ಚುವ ಕೆಲಸ

ರೋಗ ಸೆಲ್ಫಿನದೇ ಅಂತ ಖಾತ್ರಿಯಾದರೆ ಅಂಗಳದಲ್ಲೇ ಬಿಚ್ಚಬಹುದು. ಗಾಡಿ ಸಮತಟ್ಟು ಜಾಗದಲ್ಲಿರಲಿ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ ಮಾಡಿ, ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಕೀ ತೆಗೆದು ಜೇಬಿಗೆ ಹಾಕಿ. ಇಂಜಿನ್ ತಣ್ಣಗಾಗಲಿ. ಕೈಯ ಕಡಗ, ಉಂಗುರ, ವಾಚು ಬಿಚ್ಚಿಡಿ. ಬ್ಯಾಟರಿ ಹತ್ತಿರ ಬೀಡಿ ಬೇಡವೇ ಬೇಡ. ಅದರಿಂದ ಬರುವ ಗ್ಯಾಸಿಗೆ ಬೆಂಕಿ ಹತ್ತುತ್ತದೆ.

ಮೊದಲ ಪಾನಾ ಬೀಳಬೇಕಾದದ್ದು ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ. ಇದನ್ನು ಮರೆತವರಿಗೆ ಎರಡನೇ ಅವಕಾಶ ಸಿಗದೇ ಹೋಗಬಹುದು. ಬಹಳಷ್ಟು ಗಾಡಿಗಳಲ್ಲಿ ಸೆಲ್ಫಿಗೆ ಬರುವ ದಪ್ಪ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ. ಪಾನಾ ಒಂದು ತುದಿ ಕೇಬಲ್ಲಿಗೆ, ಇನ್ನೊಂದು ತುದಿ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಕಿಡಿ ಹಾರುತ್ತದೆ, ಪಾನಾ ಕೆಂಪಗೆ ಕಾಯುತ್ತದೆ, ಕೈ ಸುಡುತ್ತದೆ.

ಬಿಚ್ಚುವ ಮುಂಚೆ ಫೋನಿನಲ್ಲಿ ನಾಲ್ಕು ಫೋಟೋ ಹೊಡೆಯಿರಿ. ಯಾವ ವೈರು ಎಲ್ಲಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಪುಸ್ತಕ ಇಲ್ಲ. ದಪ್ಪ ಕೇಬಲ್ಲಿನ ನಟ್ಟು, ತೆಳು ವೈರಿನ ಸಾಕೆಟ್ಟು, ಆಮೇಲೆ ಹಿಡಿದಿರುವ ಬೋಲ್ಟು. ಕೊನೆಯ ಬೋಲ್ಟು ಬಿಚ್ಚುವಾಗ ಇನ್ನೊಬ್ಬರು ಮೋಟರನ್ನು ಕೈಯಲ್ಲಿ ಹಿಡಿದಿರಲಿ, ಮುಖದ ಮೇಲೆ ಬೀಳಬಾರದು.

ಕೆಲವು ಗಾಡಿಗಳಲ್ಲಿ ಸೆಲ್ಫ್ ಕೆಳಗಿನಿಂದ ಮಾತ್ರ ಸಿಗುತ್ತದೆ. ಆಗ ಬರೀ ಜಾಕ್ ನಂಬಿ ಗಾಡಿ ಕೆಳಗೆ ಯಾರೂ ಮಲಗಬೇಡಿ. ಗಟ್ಟಿ ಸ್ಟ್ಯಾಂಡ್ ಇದ್ದರೆ ಸರಿ, ಇಲ್ಲದಿದ್ದರೆ ಆ ಗಾಡಿಯ ಕೆಲಸ ಅಂಗಳದ್ದಲ್ಲ. ಕೀ ಬದಲು ಬಟನ್ ಒತ್ತುವ, ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಏಳುವ ಹೊಸ ಗಾಡಿಗಳು, ಹೈಬ್ರಿಡ್ ಗಾಡಿಗಳು, ಇವಕ್ಕೂ ಕೈ ಹಾಕುವುದು ಬೇಡ. ಸ್ಕ್ರೂ ಡ್ರೈವರ್ ಅಡ್ಡ ಕೊಟ್ಟು ಸೆಲ್ಫ್ ಹೊಡೆಸುವ ಹಳೇ ಚಾಳಿಯನ್ನೂ ಬಿಡಿ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಹತ್ತುತ್ತದೆ.

ಇಷ್ಟಾದ ಮೇಲೆ ಮೋಟರನ್ನು ಗೊಬ್ಬರದ ಚೀಲಕ್ಕೆ ಹಾಕಿ ಬಸ್ ಹತ್ತಿ. ಅವ್ವನ ಕೈಯಲ್ಲಿ ಕಳಿಸಿದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಇಲ್ಲ. ಹರಪನಹಳ್ಳಿಯಲ್ಲೋ ದಾವಣಗೆರೆಯಲ್ಲೋ ಆಟೋ ಎಲೆಕ್ಟ್ರಿಕಲ್ ಕೆಲಸ ಬಲ್ಲ ಮಿಸ್ತ್ರಿಯ ಮುಂದೆ ಇಡಿ. ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಕಾರ್ಬನ್ ಸವೆದಿದ್ದರೆ ಕಾರ್ಬನ್, ಬುಷ್ ಹೋಗಿದ್ದರೆ ಬುಷ್. ಆರ್ಮೇಚರಿನ ತಾಮ್ರದ ಮುಖ ಸವೆದು ತಗ್ಗು ಬಿದ್ದಿದ್ದರೆ ಲೇತಿನಲ್ಲಿ ಒಂದು ಪದರ ಕಡೆಸಿದರೆ ಎಷ್ಟೋ ಸಲ ಮತ್ತೆ ಕೆಲಸಕ್ಕೆ ಬರುತ್ತದೆ. ವೈಂಡಿಂಗ್ ಸುಟ್ಟಿದ್ದರೆ, ಬಾಡಿ ಒಡೆದಿದ್ದರೆ ಮಾತ್ರ ಹೊಸ ಅಸೆಂಬ್ಲಿಯ ಮಾತು. ರಿಪೇರಿ ಆದ ಮೇಲೆ ಟೇಬಲ್ ಮೇಲೆ ಬ್ಯಾಟರಿ ಕೊಟ್ಟು ತಿರುಗಿಸಿ ತೋರಿಸಿ ಅನ್ನಿ. ಬೆಂಡಿಕ್ಸ್ ಮುಂದೆ ಬಂದು, ಮೋಟರ್ ಜೋರಾಗಿ ತಿರುಗಿ, ಬಿಟ್ಟ ಕೂಡಲೇ ಹಿಂದೆ ಹೋಗಬೇಕು.

ಹೊಸದನ್ನೇ ಹಾಕುವುದಾದರೆ ಹಳೆಯದನ್ನು ಪಕ್ಕದಲ್ಲಿಟ್ಟು ಹಲ್ಲಿನ ಎಣಿಕೆ, ಬೋಲ್ಟಿನ ತೂತು, ತಿರುಗುವ ದಿಕ್ಕು ಒಂದೇ ಇದೆಯೇ ನೋಡಿ. ಕೂರಿಸುವಾಗ ಬಿಚ್ಚಿದ ಕ್ರಮವೇ ಉಲ್ಟಾ, ಮೈನಸ್ ಟರ್ಮಿನಲ್ ಎಲ್ಲಕ್ಕಿಂತ ಕೊನೆಗೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮ ಸೆಲ್ಫ್ ಹೊಡೆಯಬೇಡಿ, ಸ್ವಲ್ಪ ಬಿಟ್ಟು ಮತ್ತೆ ಹೊಡೆಯಿರಿ.

ಹೆದರಿಸುವವರಿಗೆ ಉತ್ತರ

ಇದನ್ನೆಲ್ಲ ಹೇಳಿದರೆ ಮೂರು ಹೆದರಿಕೆ ಹಾಕುತ್ತಾರೆ. ಒಂದೊಂದಾಗಿ ನೋಡೋಣ.

"ಹೊರಗೆ ಕೈ ಹಾಕಿಸಿದರೆ ವಾರಂಟಿ ಹೋಗುತ್ತದೆ." ನಮ್ಮ ಊರುಗಳ ಓಮ್ನಿ, ಬೊಲೆರೊ, ಕ್ರೂಸರ್, ಇಂಡಿಕಾಗಳಲ್ಲಿ ಬಹುಪಾಲು ಎರಡನೇ ಕೈ ಮೂರನೇ ಕೈ ದಾಟಿ ಬಂದವು. ಮಾರುತಿ 800 ತಯಾರಿಕೆ ನಿಂತದ್ದೇ 2014ರಲ್ಲಿ, ಓಮ್ನಿ ನಿಂತದ್ದು 2019ರಲ್ಲಿ. ಇಲ್ಲದ ವಾರಂಟಿ ಎಲ್ಲಿಂದ ಹೋಗಬೇಕು? ಇನ್ನು ವಾರಂಟಿ ಇರುವ ಗಾಡಿಯವರಿಗೂ ಒಂದು ಮಾತು ಗೊತ್ತಿರಲಿ. ಶಂಶೇರ್ ಕಟಾರಿಯಾ ಎಂಬುವವರು ದೂರು ಕೊಟ್ಟ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ತಪ್ಪು ಏನು? ಬಿಡಿಭಾಗಗಳನ್ನು, ರಿಪೇರಿಯ ಮಾಹಿತಿಯನ್ನು, ತಪಾಸಣೆಯ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಮ್ಮ ಡೀಲರುಗಳ ಕೈಯಲ್ಲೇ ಇಟ್ಟುಕೊಂಡದ್ದು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಪೂರ್ತಿ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು, ತಪ್ಪು ರಿಪೇರಿಯಿಂದ ಆದ ಹಾನಿಗೆ ಮಾತ್ರ ಅದು ಸೀಮಿತವಾಗಿರಬೇಕು ಅಂತಲೂ ಆಯೋಗ ಹೇಳಿತು.

ಕಂಪನಿಗಳು ಸುಮ್ಮನೆ ಕೂರಲಿಲ್ಲ, ಮೇಲ್ಮನವಿಗೆ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸ್ಸಾನ್ ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿಯಿತು, ದಂಡದ ಲೆಕ್ಕ ಮಾತ್ರ ಇಳಿಸಿತು. ದಂಡ ಎಷ್ಟಾದರೂ ಇಳಿಯಲಿ, ನಮಗೆ ಬೇಕಾದ ಮಾತು ಅಧಿಕೃತವಾಗಿ ಬರೆದು ಇಟ್ಟಾಗಿದೆ.

"ಹೊರಗೆ ಸಿಗುವುದೆಲ್ಲ ಡೂಪ್ಲಿಕೇಟ್." ಡೂಪ್ಲಿಕೇಟ್ ಇದೆ, ಇಲ್ಲ ಅನ್ನುವುದಿಲ್ಲ. ಹಾಗಂತ ಡಬ್ಬದ ಮೇಲೆ ಕಾರು ಕಂಪನಿಯ ಹೆಸರಿದ್ದರೆ ಮಾತ್ರ ಅಸಲಿ ಅನ್ನುವುದೂ ಸುಳ್ಳು. ಸೆಲ್ಫ್ ಮೋಟರನ್ನು ಸಾಮಾನ್ಯವಾಗಿ ಕಾರು ಕಂಪನಿಗಳು ತಾವೇ ಮಾಡುವುದಿಲ್ಲ. ಚೆನ್ನೈನ ಲ್ಯೂಕಾಸ್ ಟಿವಿಎಸ್‌ನಂಥ ಬಿಡಿಭಾಗದ ಕಂಪನಿಗಳು ಮಾಡಿ ಕೊಡುತ್ತವೆ. ಆ ತಯಾರಕರ ಹೆಸರಿನಲ್ಲೇ ಅಂಗಡಿಯಲ್ಲಿ ಕೇಳಿ, ಬಿಲ್ ಹಾಕಿಸಿ. ಬಿಲ್ ಕೊಡಲ್ಲ ಅಂದರೆ ಬೇರೆ ಅಂಗಡಿಗೆ ಹೋಗಿ.

"ಹಳ್ಳಿಯವರಿಗೆ ಇದೆಲ್ಲ ಆಗಲ್ಲ ಬಿಡ್ರಿ." ನಮಗೆ ಸಿಟ್ಟು ಬರುವುದು ಈ ಮಾತಿಗೇ. ನೀಲಗುಂದದ ಭೀಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಕಲ್ಲಿನ ಕಂಬವನ್ನೇ ತಿರುಗಣಿಯಲ್ಲಿ ಕಡೆದು ನಿಲ್ಲಿಸಿದ ಕಾಲ ಅದು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೇ ಲೇತ್ ಮಾಡಿ ಕೊಟ್ಟಿತು. ಅದು ಮುಚ್ಚಿದೆ, ಆದರೆ ಈ ಸೀಮೆಯ ಕೈಗಳಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಇಂದಿಗೂ ಬೋರಿನ ಪಂಪು ಎತ್ತಿ, ಬಿಚ್ಚಿ, ಇಳಿಸುವವರು ನಮ್ಮ ಹುಡುಗರೇ. ಮೆಕ್ಕೆಜೋಳ ಒಕ್ಕುವ ಮಿಷನ್ನು ಸುಗ್ಗಿಯಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತರೆ ಕಂಪನಿಯವರು ಬರುತ್ತಾರೆಯೇ? ಬ್ಯಾಟರಿ ಬೆಳಕಿನಲ್ಲಿ ನೀವೇ ಬಿಚ್ಚಿ ಜೋಡಿಸುತ್ತೀರಿ. ಆಗ ಇರುವ ಬುದ್ಧಿ ಕಾರಿನ ಬಾನೆಟ್ ಎತ್ತಿದ ಕೂಡಲೇ ಎಲ್ಲಿ ಹೋಗುತ್ತದೆ?

ಬುದ್ಧಿ ಎಲ್ಲೂ ಹೋಗಿಲ್ಲ, ಮಾಹಿತಿಯನ್ನು ಬಚ್ಚಿಟ್ಟಿದ್ದಾರೆ. ಕಾರಿನ ಡ್ಯಾಶ್‌ಬೋರ್ಡ್ ಡಬ್ಬದಲ್ಲಿರುವ ಪುಸ್ತಕ ತೆಗೆದು ನೋಡಿ. ಟೈರಿಗೆ ಗಾಳಿ ಎಷ್ಟು, ಫ್ಯೂಸ್ ಎಲ್ಲಿ, ಎಸಿ ಬಟನ್ ಯಾವುದು ಅಂತೆಲ್ಲ ಹೇಳುತ್ತದೆ. ಸೆಲ್ಫ್ ಬಿಚ್ಚುವ ಕ್ರಮ ಹೇಳುವುದಿಲ್ಲ. ಆ ಪುಸ್ತಕ ಬೇರೆ ಇದೆ, ಅದು ಸರ್ವಿಸ್ ಸೆಂಟರಿನ ಒಳಗಿದೆ. ದುಡ್ಡು ಕೊಟ್ಟು ಗಾಡಿ ಕೊಂಡವರು ನಾವು, ಗಾಡಿಯ ಗುಟ್ಟು ಮಾತ್ರ ಮಾರಿದವರ ಹತ್ತಿರ.

ಯಾರಿಗೆ ನಷ್ಟ?

ಪಟ್ಟಣದಲ್ಲಿ ಸೆಲ್ಫ್ ಹೋದರೆ ಆಟೋ ಸಿಗುತ್ತದೆ. ಊರಿನಲ್ಲಿ ಒಂದು ಓಮ್ನಿ ನಿಂತರೆ ಬರೀ ಒಂದು ಮನೆಯ ಕಾರು ನಿಂತಂತಲ್ಲ. ರಾತ್ರಿ ಹೆರಿಗೆ ನೋವು ಬಂದವಳನ್ನು 108 ಬರುವ ಮುಂಚೆ ಕೂರಿಸಿಕೊಂಡು ಹೊರಡುವುದು ಅದೇ ಗಾಡಿ. ಹಾವು ಕಚ್ಚಿದವನನ್ನು ಒಯ್ಯುವುದೂ ಅದೇ, ಶಾಲೆಯ ಮಕ್ಕಳನ್ನು, ಕೊಟ್ಟೂರು ಜಾತ್ರೆಗೆ ಹೋಗುವವರನ್ನು ಒಯ್ಯುವುದೂ ಅದೇ. ಬಾಡಿಗೆಗೆ ಓಡಿಸುವವನಿಗೆ ಗಾಡಿ ನಿಂತ ದಿನ ಕೂಲಿ ಇಲ್ಲ, ಫೈನಾನ್ಸಿನ ಕಂತು ಮಾತ್ರ ನಿಲ್ಲುವುದಿಲ್ಲ. ಎಳೆಸಿದ ಖರ್ಚು, ಅಸೆಂಬ್ಲಿಯ ಬೆಲೆ, ಲೇಬರ್, ಜೊತೆಗೆ ಮೂರು ದಿನದ ದುಡಿಮೆ. ಇಷ್ಟೂ ಹೋಗುವುದು ಒಂದು ಜೋಡಿ ಕಾರ್ಬನ್ನಿನ ಹೆಸರಿನಲ್ಲಿ.

ಹರಪನಹಳ್ಳಿ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿಸಿದರು, ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿ ಅಲ್ಲಿಗೆ ಸೇರಿಸಿದರು. ಜಿಲ್ಲೆಯ ಬೋರ್ಡು ಎಷ್ಟು ಸಲ ಬದಲಾದರೂ ನಮ್ಮ ಕೆಟ್ಟ ಗಾಡಿ ಹೊರಡುವ ದಿಕ್ಕು ಬದಲಾಗಿಲ್ಲ. ದೊಡ್ಡ ಊರಿನ ಕಡೆಗೇ ಅದರ ಮುಖ. ಊರಿನಲ್ಲಿ ಉಳಿಯಬೇಕಾದ ದುಡ್ಡೂ ಅದರ ಹಿಂದೆಯೇ ಹೋಗುತ್ತದೆ, ಕೆಲಸ ಕಲಿಯಬೇಕಾದ ಹುಡುಗರೂ ಹೋಗುತ್ತಾರೆ.

ಊರ ಮಿಸ್ತ್ರಿಯ ಹೊಟ್ಟೆ ಮೇಲೆ ಹೊಡೆಯುತ್ತೀರಾ ಅಂತ ಕೆಲವರು ಕೇಳಬಹುದು. ಉಲ್ಟಾ. ಅಸೆಂಬ್ಲಿ ಚೇಂಜ್ ಅನ್ನುವ ಪದ್ಧತಿ ಮೊದಲು ಮುಗಿಸುವುದೇ ಅವನನ್ನು. ಡಬ್ಬ ಬಿಚ್ಚಿ ಡಬ್ಬ ಜೋಡಿಸುವುದಾದರೆ ವೈಂಡಿಂಗ್ ಬಲ್ಲವನು ಯಾಕೆ ಬೇಕು, ಲೇತ್ ಯಾಕೆ ಬೇಕು? ನೀವು ಸೆಲ್ಫ್ ಬಿಚ್ಚಿ ಅವನ ಮುಂದೆ ಇಟ್ಟರೆ ಅವನ ಕೈಗೆ ಕೆಲಸ, ನಿಮ್ಮ ಜೇಬಿಗೆ ಉಳಿತಾಯ.

ನಾವು ಕೇಳುವುದು

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕನ್ನೂ ಪಟ್ಟಿಗೆ ಹಾಕಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲೂ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲೇ ಜನ ಓಟು ಹಾಕಿ ವಾಹನ ರಿಪೇರಿಯ ಹಕ್ಕನ್ನು ಪಡೆದುಕೊಂಡರು. ಪೋರ್ಟಲ್ ಒಳ್ಳೆಯದೇ, ಆದರೆ ಅದರಿಂದ ಬೋಲ್ಟು ಬಿಚ್ಚಲು ಆಗುವುದಿಲ್ಲ. ನಮಗೆ ಕಾನೂನು ಬೇಕು. ಕಂಪನಿ ಮಾರುವ ಪ್ರತಿ ಗಾಡಿಯ, ಟ್ರ್ಯಾಕ್ಟರಿನ ರಿಪೇರಿ ಪುಸ್ತಕ ಕನ್ನಡದಲ್ಲಿ, ಎಲ್ಲರಿಗೂ ಸಿಗಬೇಕು. ಕಾರ್ಬನ್, ಬುಷ್, ಸೋಲನಾಯ್ಡ್ ಬಿಡಿಬಿಡಿಯಾಗಿ ಅಂಗಡಿಯಲ್ಲಿ ಮಾರಬೇಕು.

ತಾಲ್ಲೂಕಿನ ಐಟಿಐಗಳು ತಿಂಗಳಿಗೆ ಒಂದು ದಿನ ಬಾಗಿಲು ತೆರೆದು ರೈತರಿಗೆ, ಡ್ರೈವರುಗಳಿಗೆ, ಹೆಣ್ಣುಮಕ್ಕಳಿಗೂ ಈ ಕೆಲಸ ಕಲಿಸಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪುಸ್ತಕದ ಪಕ್ಕ ಒಂದು ಪಾನಾ ಸೆಟ್ಟು, ಒಂದು ಮಲ್ಟಿಮೀಟರ್, ಒಂದು ಜೋಡಿ ಸ್ಟ್ಯಾಂಡ್ ಇಡಲಿ, ಹೆಸರು ಬರೆಸಿ ಒಯ್ದು ವಾಪಸ್ ತಂದು ಕೊಡುವ ಹಾಗೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ.

ಅದು ಬರುವವರೆಗೆ ನೀವೇ ಮಾಡಬಹುದಾದ್ದು ಇದೆ. ಗ್ಯಾರೇಜಿನಲ್ಲಿ 'ಅಸೆಂಬ್ಲಿ ಚೇಂಜ್' ಅಂದಾಗ ಮೂರು ಪ್ರಶ್ನೆ ಕೇಳಿ. ಒಳಗೆ ಯಾವ ಪಾರ್ಟ್ ಹೋಗಿದೆ? ಅದೊಂದನ್ನೇ ಯಾಕೆ ಬದಲಿಸಲ್ಲ? ಹಳೇ ಮೋಟರ್ ನನಗೆ ವಾಪಸ್ ಕೊಡುತ್ತೀರಾ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿ. ಬರೆಯಲ್ಲ ಅಂದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ.

ನಾಳೆ ಎಲ್ಲ ಗಾಡಿ ಕರೆಂಟಿನವಾಗುತ್ತವೆ, ಆಗ ಸೆಲ್ಫೇ ಇರಲ್ಲ, ನಿಮ್ಮ ಜಗಳ ಹಳೇದು ಅನ್ನುವವರೂ ಇದ್ದಾರೆ. ಸರಿ, ಸೆಲ್ಫ್ ಇರುವುದಿಲ್ಲ. ಆದರೆ ಆ ಗಾಡಿ ಕೆಟ್ಟಾಗ ಬಾನೆಟ್ ಎತ್ತುವ ಹಕ್ಕು ಯಾರದು ಅನ್ನುವ ಪ್ರಶ್ನೆ ಇನ್ನೂ ದೊಡ್ಡದಾಗಿ ಬಂದು ನಿಲ್ಲುತ್ತದೆ. ಮೂರು ಬೋಲ್ಟಿನ ಮೋಟರನ್ನೇ ಇವತ್ತು ಬಿಟ್ಟುಕೊಟ್ಟರೆ, ನಾಳೆ ಬಾನೆಟ್ಟಿಗೂ ಅವರೇ ಬೀಗ ಹಾಕುತ್ತಾರೆ, ಕೀ ಕೇಳಲು ನಮಗೆ ಬಾಯೂ ಇರುವುದಿಲ್ಲ.